ಕಾನಿನ ಅಂಚು ಕಾಯುವ ಎರಡು ತಿಂಗಳು

ನಮ್ಮದು ಸೊರಬದ ಕಡೆ ಒಂದು ಹಳ್ಳಿ. ಅಡಿಕೆ ತೋಟದ ಮೇಲುಗಡೆ ಸುಮಾರು 8 ಎಕರೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ಅದರಾಚೆ ಬ್ಯಾಣ, ಅಂದರೆ ದನ ಮೇಯುವ ಹುಲ್ಲುಗಾವಲು. ಕಾನಿನೊಳಗೆ ಬೇಸಿಗೆಯಲ್ಲೂ ನೆಲ ತಣ್ಣಗಿರುತ್ತದೆ, ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಹತ್ತುವುದು ಬ್ಯಾಣದ ಒಣಹುಲ್ಲಿಗೆ. ಅಲ್ಲಿಂದ ಕಾನಿನ ಅಂಚಿಗೆ ಬಂದು, ಒಂದೆರಡು ಮಾರು ಒಳಗೆ ನುಗ್ಗಿ ತಾನಾಗಿಯೇ ಆರುತ್ತದೆ. ಏನೂ ಆಗಲಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅಂಚಿನ ಸಸಿಗಳು ಹೋಗಿರುತ್ತವೆ. ಮಳೆಗಾಲಕ್ಕೆ ಆ ಜಾಗದಲ್ಲಿ ಹುಲ್ಲು. ಮರುವರ್ಷ ಬೆಂಕಿ ಇನ್ನೆರಡು ಮಾರು ಒಳಗೆ. ಅಪ್ಪನ ಕಾಲದಲ್ಲಿ ಕಾನಿನ ನೆರಳಲ್ಲಿದ್ದ ಒಂದು ಹುತ್ತ ಈಗ ಬಯಲಲ್ಲಿ ನಿಂತಿದೆ.

ಮೊದಲೆರಡು ವರ್ಷ ನಾನೂ ಎಲ್ಲರ ಹಾಗೆ ಜೂನಲ್ಲಿ ಸಸಿ ನೆಟ್ಟೆ. ಮಾರ್ಚಲ್ಲಿ ಸುಟ್ಟುಹೋದವು. ಆಮೇಲೆ ಗುದ್ದಲಿ ಬಿಟ್ಟು ಪೊರಕೆ ಹಿಡಿದೆ.

ಬ್ಯಾಣದ ಕಡೆಯ ಅಂಚು 300 ಮೀಟರ್ ಇದೆ. ಅದರುದ್ದಕ್ಕೂ 12 ಅಡಿ ಅಗಲ ದರಕು (ಉದುರಿದ ಒಣ ಎಲೆ) ಗುಡಿಸಿ, ಹುಲ್ಲು ಹೆರೆದು, ಮಣ್ಣು ಕಾಣುವ ಹಾಗೆ ಮಾಡುವುದು. ಬೆಂಕಿ ಗೆರೆ ಅಂದರೆ ಇಷ್ಟೇ. ಇಷ್ಟರಲ್ಲೂ ತಪ್ಪು ಮಾಡಿದೆ. ಮೊದಲ ಸಲ ಡಿಸೆಂಬರಿನಲ್ಲೇ ಗುಡಿಸಿ ನಿಶ್ಚಿಂತೆಯಿಂದ ಇದ್ದೆ. ಮತ್ತಿ, ಕೌಲು ಎಲೆ ಉದುರಿಸುವುದೇ ಆಮೇಲೆ! ಫೆಬ್ರವರಿಯಲ್ಲಿ ನೋಡಿದರೆ ಗೆರೆ ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ. ಈಗ ಸಂಕ್ರಾಂತಿ ಕಳೆದ ಮೇಲೆ ಒಮ್ಮೆ, ಶಿವರಾತ್ರಿ ಹೊತ್ತಿಗೆ ಇನ್ನೊಮ್ಮೆ, ಯುಗಾದಿವರೆಗೆ ವಾರಕ್ಕೊಂದು ಸುತ್ತು. ಇನ್ನೊಂದು ತಪ್ಪು, ಗುಡಿಸಿದ ದರಕನ್ನು ಕಾನಿನ ಬದಿಗೇ ರಾಶಿ ಹಾಕಿದ್ದು. ಕಿಡಿ ಹಾರಿ ಬಂದರೆ ಬೀಳಲು ಹಾಸಿಗೆ ಹಾಸಿಟ್ಟಂತೆ. ಈಗ ಅದೆಲ್ಲ ಹಗ್ಗದ ಬಲೆ ತುಂಬಿ ಕೊಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ. ಹೇಗೂ ದರಕು ತರಲೇಬೇಕಲ್ಲ, ಗೆರೆಯಲ್ಲೇ ಗುಡಿಸಿದರೆ ಆಯಿತು. ಕೂಲಿ ಲೆಕ್ಕ ನೋಡಿ ಗೊಣಗುತ್ತಿದ್ದ ಮನೆಯವರೂ ಇದಕ್ಕೆ ಒಪ್ಪಿದರು.

ಉಣುಗಿನ (ರಕ್ತ ಹೀರುವ ಸಣ್ಣ ಹುಳ) ವಿಷಯ ಸಲೀಸಾಗಿ ತಗೋಬೇಡಿ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಅದು ಜಾಸ್ತಿ ಆಗುವುದು ಕೂಡ ನಾವು ದರಕು ಗುಡಿಸುವ ಇದೇ ತಿಂಗಳುಗಳಲ್ಲಿ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಕೈಕಾಲಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ. ಮನೆಗೆ ಬಂದವನೇ ಬಟ್ಟೆ ಬಿಸಿನೀರಿಗೆ ಹಾಕಿ, ನಾನು ಬಚ್ಚಲಿಗೆ. ಮಂಗ ಸತ್ತಿದೆ ಅಂತ ಸುದ್ದಿ ಬಂದರೆ ಆ ಕಡೆ ಕೆಲಸವೇ ಇಲ್ಲ. ಆರೋಗ್ಯ ಕೇಂದ್ರಕ್ಕೆ ತಿಳಿಸುತ್ತೇವೆ, ಅಷ್ಟೇ.

ಇನ್ನು ಬ್ಯಾಣಕ್ಕೆ ಬೆಂಕಿ ಕೊಡುವವರು. ನಮ್ಮಲ್ಲಿ ಅದು ಪಕ್ಕದ ಮನೆಯ ಮಾವ. ಮೊದಲ ವರ್ಷ ಕಾನೂನು ಹೇಳಲು ಹೋದೆ. "ತಮ್ಮಾ, ಹಳೇ ಹುಲ್ಲು ಸುಟ್ಟರೆ ತಾನೇ ಮಳೆ ಬಿದ್ದಾಗ ದನಕ್ಕೆ ಚಿಗುರು? ಉಣುಗೂ ಸಾಯ್ತದೆ" ಅಂದರು. ಅವರ ಮಾತಿನಲ್ಲೂ ಸುಳ್ಳಿಲ್ಲ. ಮರುವರ್ಷ ನಾನು ಮಾತು ಬಿಟ್ಟು ಕತ್ತಿ ತಗೊಂಡು ಹೋದೆ. ನವೆಂಬರಿನಲ್ಲಿ, ಹುಲ್ಲು ಇನ್ನೂ ಅರೆಹಸಿ ಇರುವಾಗ, ಗೆರೆಯಾಚೆ 30 ಅಡಿ ಅಗಲ ಕೊಯ್ದು ಅವರ ಅಟ್ಟಕ್ಕೆ ಹಾಕಿಕೊಟ್ಟೆವು. ಆಮೇಲಿಂದ ಅವರು ಅಂಚಿನ ಕಡೆ ಬೆಂಕಿ ಇಟ್ಟಿಲ್ಲ. ಆಚೆ ದಿಬ್ಬದಲ್ಲಿ ಇಡುತ್ತಾರೋ ಏನೋ, ನಾನು ಕೇಳುವುದಿಲ್ಲ.

ಹಾಗಂತ ಬೆಂಕಿ ಬರುವುದು ಪೂರ್ತಿ ನಿಂತಿಲ್ಲ. ಒಂದು ಮಾರ್ಚಿನಲ್ಲಿ ಮಧ್ಯಾಹ್ನದ ಗಾಳಿಗೆ ರಸ್ತೆ ಕಡೆಯಿಂದ ಬಂತು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ನಾಲ್ಕು ಜನ ಸೊಪ್ಪಿನ ಕೊಂಬೆ ಮುರಿದುಕೊಂಡು ಗೆರೆಯಲ್ಲಿ ನಿಂತೆವು. ಹಸಿ ಸೊಪ್ಪಿನಿಂದ ಬಡಿಯುವುದಕ್ಕೂ ಒಂದು ರೀತಿ ಇದೆ. ಬೀಸಿ ಬೀಸಿ ಹೊಡೆದರೆ ಕಿಡಿ ಹಾರುತ್ತದೆ. ಕೊಂಬೆಯನ್ನು ಉರಿಯ ಮೇಲೆ ಒತ್ತಿ ಹಿಡಿದು, ಮೆಲ್ಲಗೆ ಸುಟ್ಟ ಬದಿಗೆ ಎಳೆಯಬೇಕು. ಆಳೆತ್ತರದ ಉರಿ ಬಂದರೆ ಮಾತ್ರ ಎದುರು ನಿಲ್ಲಬೇಡಿ, ಹಿಂದೆ ಬನ್ನಿ. ಆ ದಿನ ಗೆರೆ ತಡೆಯಿತು. ಆದರೆ ಒಂದು ಒಣ ಬೊಡ್ಡೆ ಒಳಗೊಳಗೇ ಹೊಗೆಯಾಡುತ್ತಿದ್ದುದನ್ನು ಯಾರೂ ನೋಡಲಿಲ್ಲ. ಎರಡು ದಿನ ಬಿಟ್ಟು ಅದು ಮತ್ತೆ ಹೊತ್ತಿ ಸುಮಾರು 10 ಅಡಿ ಅಂಚು ತಿಂದಿತು. ಈಗ ಬೆಂಕಿ ಆರಿದ ಮೇಲೆ ಮೂರು ದಿನ ಬೊಡ್ಡೆ, ಪೊಟರೆ ನೋಡಿ ನೀರು ಹೊಯ್ದು ಬರುತ್ತೇನೆ.

ನಾಲ್ಕನೇ ವರ್ಷಕ್ಕೆ ಹುತ್ತದ ಹತ್ತಿರ ಹೈಗ, ರಾಮಪತ್ರೆ ಸಸಿಗಳು ಮೊಣಕಾಲೆತ್ತರ ಬಂದಿವೆ. ಯಾರೂ ನೆಟ್ಟದ್ದಲ್ಲ.

ಈ ಫೆಬ್ರವರಿಯಲ್ಲಿ ಗುಡಿಸುವಾಗ ಪೊರಕೆ ಮುಂದೆಯೇ ದರಕು ಎದ್ದು ಹಾರಿತು. ನೋಡಿದರೆ ನತ್ತಿಂಗ ಹಕ್ಕಿ! ಗೂಡಿಲ್ಲ, ಏನಿಲ್ಲ, ಬರೀ ನೆಲದ ಮೇಲೆ ಎರಡು ಮೊಟ್ಟೆ. ಕಣ್ಣು ಅತ್ತ ತಿರುಗಿಸಿದರೆ ಮತ್ತೆ ಸಿಗದಷ್ಟು ಎಲೆಯ ಬಣ್ಣ. ಒಂದು ಕಡ್ಡಿ ಚುಚ್ಚಿ ಗುರುತು ಇಟ್ಟು, ಗೆರೆಯನ್ನು ಅಲ್ಲಿ ಬ್ಯಾಣದ ಕಡೆ ಬಗ್ಗಿಸಿದೆ. ಮೊಟ್ಟೆ ಗೆರೆಯ ಈಚೆ, ಕಾನಿನ ಬದಿಗೇ ಉಳಿಯಿತು. ಮೂರು ವಾರ ಆ ಕಡೆ ಸುಳಿಯಲಿಲ್ಲ.

ಮೊನ್ನೆ ಮಾವ ಆ ದಾರಿಯಲ್ಲಿ ಬಂದವರು ನಿಂತು ನೋಡಿದರು. "ಇಷ್ಟು ವರ್ಷ ಆಯ್ತು, ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ವೇನೋ ನಿಂಗೆ?" ಅಂದರು.