ತೂಕದ ಹೊತ್ತಿನಲ್ಲಿ ಭಯಭಕ್ತಿ

ವಿರಾಜಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಬಟವಾಡೆ ಮಾಡುವುದು, ಕುಯ್ಲು ಶುರುವಾದರೆ ಸಂಜೆ ಹಣ್ಣು ತೂಗುವುದು, ಇದೇ ನನ್ನ ಕೆಲಸ. ಭಾನುವಾರ ಸಂತ ಅನ್ನಮ್ಮನವರ ಚರ್ಚಿಗೆ ಹೋಗುತ್ತೇನೆ. ಟಿಪ್ಪು ಕಾಲದಲ್ಲಿ ಇತ್ತ ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ನೆಲೆ ಕೊಟ್ಟಾಗ, 1792ರಲ್ಲಿ ಹುಟ್ಟಿದ ಚರ್ಚು ಅದು. ಚಿಕ್ಕಂದಿನಿಂದ ಅಲ್ಲೇ ಬೆಳೆದವರಿಗೆ ಪ್ರಾರ್ಥನೆಗಳೆಲ್ಲ ಬಾಯಿಪಾಠ. ಆ ಹೊತ್ತಿಗೆ ಮನಸ್ಸು ಎಲ್ಲಿರುತ್ತದೆ ಅನ್ನೋದು ಬೇರೆ ಮಾತು, ಅಲ್ವಾ?

ಹಳೆಯ ಸಂತರ ಪುಸ್ತಕ ಹಿಡಿದದ್ದು ಒಂದು ಮಳೆಗಾಲದಲ್ಲಿ. ಮೊದಲು ಸಿಕ್ಕವನು ಥಾಮಸ್ ಕೆಂಪಿಸ್, 15ನೇ ಶತಮಾನದ ಸನ್ಯಾಸಿ. ಪಶ್ಚಾತ್ತಾಪ ಎಂದರೇನು ಎಂದು ವಿವರಿಸಲು ಬರುವುದಕ್ಕಿಂತ ಅದು ಎದೆಗೆ ತಟ್ಟುವುದೇ ಮೇಲು ಎನ್ನುತ್ತಾನೆ. ಅಧ್ಯಾಯಗಳು ಚಿಕ್ಕವು. ಒಂದನ್ನೇ ವಾರವಿಡೀ ಓದುತ್ತಿದ್ದೆ. ಆದರೆ ಆತ ಬರೆದದ್ದು ಮಠದವರಿಗೆ. ಜನರ ಸಹವಾಸ ಕಡಿಮೆ ಮಾಡು ಎನ್ನುತ್ತಾನೆ. ದಿನವಿಡೀ ಆಳುಗಳ ಜೊತೆ, ಸಾಹುಕಾರರ ಜೊತೆ ಮಾತಾಡಲೇಬೇಕಾದ ನನಗೆ ಅದು ಹೊಂದಲಿಲ್ಲ. ಅಲ್ಲಿ ಕೈ ಹಿಡಿದವರು ಬಿಷಪ್ ಫ್ರಾನ್ಸಿಸ್ ಡಿ ಸೇಲ್ಸ್. ಸಂಸಾರಸ್ಥರಿಗೂ ಭಕ್ತಿಯ ದಾರಿ ಇದೆ ಎಂದು 1609ರಲ್ಲೇ ಪುಸ್ತಕ ಬರೆದರು. ಕೂಲಿ ಮಾಡುವವನು ಕೆಲಸ ಬಿಟ್ಟು ದಿನವೆಲ್ಲ ಚರ್ಚಲ್ಲೇ ಕೂತರೆ ಅದು ನಗೆಪಾಟಲು ಎಂಬುದು ಅವರ ವಾದ.

ನನ್ನನ್ನು ಹಿಡಿದು ನಿಲ್ಲಿಸಿದವನು ಮಾತ್ರ ಬ್ರದರ್ ಲಾರೆನ್ಸ್. ಸೈನಿಕನಾಗಿದ್ದು ಕಾಲಿಗೆ ಪೆಟ್ಟು ಬಿದ್ದು, 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠ ಸೇರಿದವನು. ಅಲ್ಲಿ ಅಡುಗೆಮನೆಗೆ ಹಾಕಿದರು. ಅಡುಗೆ ಕೆಲಸ ಅಂದರೆ ಅವನಿಗೆ ಆಗುತ್ತಿರಲಿಲ್ಲ! ದ್ರಾಕ್ಷಾರಸ ತರಲು ಹಡಗಿನಲ್ಲಿ ಕಳಿಸಿದರೆ ಕುಂಟ ಕಾಲಿನಲ್ಲಿ ಓಡಾಡಲಾಗದೆ ಪೀಪಾಯಿಗಳ ಮೇಲೇ ಉರುಳಿಕೊಂಡು ಹೋಗುತ್ತಿದ್ದ. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿ ಮಾಡುತ್ತಿದ್ದ, ಅಷ್ಟೇ. ಪಾತ್ರೆಗಳ ಸದ್ದಿನ ನಡುವೆಯೂ ಪರಮಪ್ರಸಾದದ (ಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯ) ಮುಂದೆ ಮೊಣಕಾಲೂರಿದಷ್ಟೇ ನೆಮ್ಮದಿಯಾಗಿ ದೇವರ ಜೊತೆ ಇದ್ದೇನೆ ಎನ್ನುತ್ತಾನೆ. ಈ ಮಾತನ್ನು ವಾಟ್ಸಾಪ್‌ನಲ್ಲಿ ಹೂವಿನ ಚಿತ್ರ ಹಾಕಿ ಕಳಿಸುವವರಿದ್ದಾರೆ. ಓದಲು ಚೆಂದ. ಮಾಡಿ ನೋಡಿದರೆ ಗೊತ್ತಾಗುತ್ತದೆ.

ನಾನು ಮಾಡಿ ನೋಡಿದ್ದು ತೂಕದ ಹೊತ್ತಿನಲ್ಲಿ. ಸಂಜೆ ಎಲ್ಲರಿಗೂ ಸುಸ್ತು, ಎಲ್ಲರಿಗೂ ಆತುರ. ಕಿಲೋ ಲೆಕ್ಕದ ಕೂಲಿ, ಹಾಗಾಗಿ ಕಣ್ಣೆಲ್ಲ ತಕ್ಕಡಿ ಮೇಲೆ. ದೇವರು ಇಲ್ಲೇ ನಿಂತಿದ್ದಾನೆ ಎಂದುಕೊಂಡರೆ ಏನೇನು ಬದಲಾಗಬೇಕು? ಚೀಲ ತೂಗಿಗೆ ಹಾಕುವ ಮುಂಚೆ ಆ ಹೆಂಗಸಿನ ಮುಖ ನೋಡಿ ಹೆಸರು ಹಿಡಿದು ಕರೆಯುವುದು. ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ಕಾಯುವುದು. ತೂಕ ಗಟ್ಟಿಯಾಗಿ ಹೇಳಿ, ಅವರು ಹೂಂ ಎಂದ ಮೇಲೆ ಬರೆಯುವುದು. ಬಾಯಲ್ಲಿ ಪ್ರಾರ್ಥನೆ ಏನೂ ಇಲ್ಲ. ಮನಸ್ಸು ಎಲ್ಲೋ ಹೋದರೆ ಬೈದುಕೊಳ್ಳದೆ ಮೆಲ್ಲಗೆ ವಾಪಸ್ ತರುವುದು, ಇದು ಡಿ ಸೇಲ್ಸ್ ಹೇಳಿಕೊಟ್ಟದ್ದು.

ಭಾನುವಾರದ ಪೂಜೆಯಲ್ಲಿ ಕೈ ಮುಗಿದು ಸುಮ್ನೆ ನಿಲ್ಲಲು ಸಾಧ್ಯವಾದದ್ದು ಇದಾದ ಮೇಲೇ. ಪ್ರಾರ್ಥನೆ ಬೇಸರ ಬಂದ ದಿನ 16ನೇ ಶತಮಾನದ ಸ್ಪೇನಿನ ಸನ್ಯಾಸಿನಿ, ಆವಿಲಾದ ತೆರೇಸಾ ನೆನಪಾಗುತ್ತಾಳೆ. ಗಂಟೆ ಯಾವಾಗ ಹೊಡೆಯುತ್ತದೋ ಎಂದು ಕಿವಿ ನೆಟ್ಟು ಕೂತಿರುತ್ತಿದ್ದೆ, ಪುಸ್ತಕ ಕೈಲಿಲ್ಲದೆ ಧ್ಯಾನಕ್ಕೆ ಕೂರಲು ವರ್ಷಗಟ್ಟಲೆ ಧೈರ್ಯವಿರಲಿಲ್ಲ ಎಂದು ತಾನೇ ಬರೆದಿದ್ದಾಳೆ. ನಾನೂ ಪುಸ್ತಕ ತೆರೆದಿಟ್ಟುಕೊಂಡೇ ಕೂರುತ್ತೇನೆ. ಹೊಸದಾಗಿ ಓದುವವರಿಗೆ ಲಾರೆನ್ಸ್‌ನಿಂದ ಶುರು ಮಾಡಿ ಎನ್ನುತ್ತೇನೆ. ತೆರೇಸಾಳ ಕಾಲದವನೇ ಆದ ಸಂತ, ಶಿಲುಬೆಯ ಯೋಹಾನ ನಂತರ ಇರಲಿ, ಅವನದು ಜಾಸ್ತಿ ಕಡಿದಾದ ದಾರಿ.

ತೋಟದಲ್ಲಿ ಎಲ್ಲರಿಗೂ ಇದು ಇಷ್ಟವಾಗಲಿಲ್ಲ. “ರೈಟ್ರೇ, ನಿಮ್ಮ ತೂಕ ಮುಗಿಯೋದ್ರೊಳಗೆ ಜೀಪು ಹೋಗ್ತದೆ” ಎಂದು ಹಿರಿಯಕ್ಕ ಒಬ್ಬರು ಜೋರು ಮಾಡಿದರು. ಅವರು ಹೇಳಿದ್ದು ಸರಿ. ಈಗ ಕುಯ್ಲು ಸ್ವಲ್ಪ ಮುಂಚೆ ನಿಲ್ಲಿಸಿ ತೂಕಕ್ಕೆ ಕೂರುತ್ತೇವೆ.