ಅಡುಗೆ ಕಟ್ಟೆಗೆ ಬಳಪದ ಕಲ್ಲು: ನಾನು ಆರಿಸಿದ ಬಗೆ

ಚಿಕ್ಕಮಗಳೂರಿನ ನಮ್ಮ ಮನೆಯ ಅಡುಗೆ ಕಟ್ಟೆಗೆ ಬಳಪದ ಕಲ್ಲನ್ನು ಹಾಸಿ ಕೆಲವು ಮಳೆಗಾಲಗಳೇ ಕಳೆದಿವೆ. ಈವರೆಗೆ ಕಟ್ಟೆ ಬಿರುಕು ಬಿಟ್ಟಿಲ್ಲ, ಹೋಗದ ಕಲೆ ಹಿಡಿದಿಲ್ಲ, ಎಲ್ಲಿಯೂ ಪದರ ಎದ್ದಿಲ್ಲ. ನನ್ನಂತೆಯೇ ಮನೆ ಕಟ್ಟಿಸುವ ಕೆಲಸದಲ್ಲಿರುವ ಗೆಳೆಯರು, ಕಲ್ಲಿನ ವ್ಯಾಪಾರಿಗಳು, ಕೊನೆಗೆ ಕಟ್ಟೆ ಕೂರಿಸಬೇಕಾಗಿದ್ದ ಮೇಸ್ತ್ರಿಯವರು ಕೂಡ “ಅದು ಮೂರ್ತಿ ಕೆತ್ತುವ ಕಲ್ಲು ಸಾರ್, ಪಾತ್ರೆ ಎಳೆದರೆ ಗೀರು ಬೀಳುತ್ತದೆ, ಗ್ರಾನೈಟ್ ಹಾಕಿಸಿ ನೆಮ್ಮದಿಯಾಗಿರಿ” ಎಂದೇ ಹೇಳಿದ್ದರು. ಗೀರು ಬೀಳುವುದು ನಿಜ. ಆದರೆ ಆ ಗೀರನ್ನು ಹತ್ತು ನಿಮಿಷದಲ್ಲಿ ಮನೆಯವರೇ ತೆಗೆಯಬಹುದು, ಮತ್ತು ಒಂದು ಬಳಪದ ಕಲ್ಲಿಗೂ ಇನ್ನೊಂದಕ್ಕೂ ಅಜಗಜಾಂತರವಿರುತ್ತದೆ ಎಂಬುದನ್ನು ಅವರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈ ಕೆಲಸದ ಮುಕ್ಕಾಲು ಪಾಲು ಕಲ್ಲನ್ನು ಆರಿಸುವುದರಲ್ಲಿಯೇ ಇದೆ. ಗ್ರಾನೈಟ್ ಕೂರಿಸಬಲ್ಲವರಿಗೆ ಉಳಿದದ್ದು ಹೊಸದೇನಲ್ಲ.

ನನಗೆ ಧೈರ್ಯ ಬಂದದ್ದು ನಮ್ಮ ಸುತ್ತಲಿನ ಹೊಯ್ಸಳ ದೇವಾಲಯಗಳಿಂದ. 1117ರ ಬೇಲೂರು, 1196ರ ಅಮೃತಾಪುರ ಎರಡೂ ಬಳಪದ ಕಲ್ಲಿನವು ಎಂದು ನಾವು ಹೇಳುತ್ತೇವಾದರೂ, ಆ ಕಲ್ಲಿನಲ್ಲಿ ಹಸಿರು ಛಾಯೆಯ ಕ್ಲೋರೈಟ್ ಖನಿಜ ಹೇರಳವಾಗಿದೆ; ಶಾಲೆಯಲ್ಲಿ ಬರೆಯುತ್ತಿದ್ದ ಬಳಪದಂತೆ ಅದು ಉಗುರಿಗೆ ಉದುರುವುದಿಲ್ಲ. ಅಡುಗೆಮನೆಗೂ ಅಂಥದ್ದೇ ಬೇಕು. ಮೆದುವಾದ ಬಳಪದ (ಟಾಲ್ಕ್) ಅಂಶ ಹೆಚ್ಚಿದ್ದಷ್ಟೂ ಕಲ್ಲು ಮುಟ್ಟಲು ನುಣುಪಾಗಿರುತ್ತದೆ, ನೋಡಲು ಚೆಂದವಾಗಿರುತ್ತದೆ, ಮತ್ತು ಕಟ್ಟೆಯ ಅಂಚು ಅಷ್ಟೇ ಬೇಗ ಸವೆಯುತ್ತದೆ. ಅಂಗಡಿಯಲ್ಲಿ ಮೊದಲು ತೋರಿಸುವುದು ಸಾಮಾನ್ಯವಾಗಿ ಇದನ್ನೇ.

ಬೆಂಗಳೂರು ಬಳಿಯ ಜಿಗಣಿಯ ಕಲ್ಲಿನ ಯಾರ್ಡುಗಳಲ್ಲಿ ರಾಜಸ್ಥಾನದಿಂದ ಬಂದ ಸ್ಲ್ಯಾಬುಗಳನ್ನು ನೋಡಿ, ಸಣ್ಣ ತುಂಡುಗಳನ್ನು ಕೇಳಿ ತಂದು, ಮನೆಯಲ್ಲಿ ಒಂದೊಂದನ್ನೂ ಪರೀಕ್ಷಿಸಿದೆ. ಉಗುರಿನಿಂದ ಗೀರಿದರೆ ಗುರುತು ಬೀಳುವ ತುಂಡನ್ನು ಅಲ್ಲಿಗೇ ಕೈಬಿಟ್ಟೆ. ಚಾಕುವಿನ ಮೊನೆಗೂ ಜಗ್ಗದಿದ್ದರೆ ಅದು ಬಳಪದ ಕಲ್ಲೇ ಅಲ್ಲ. ಬಣ್ಣ ನೋಡಿ ಬೇರೆ ಕಲ್ಲನ್ನು ಅದೇ ಹೆಸರಿನಲ್ಲಿ ಮಾರುವವರಿದ್ದಾರೆ. ನಿಂಬೆಹಣ್ಣಿನ ಹೋಳನ್ನೂ ನೆನೆಸಿದ ಹುಣಸೆಹಣ್ಣನ್ನೂ ರಾತ್ರಿಯಿಡೀ ಕವುಚಿಟ್ಟರೆ ಅಮೃತಶಿಲೆಯ ಜಾತಿಯವು ಹೊಳಪು ಕಳೆದುಕೊಂಡು ಮಂಕಾಗುತ್ತವೆ, ಒಳ್ಳೆಯ ಬಳಪದ ಕಲ್ಲಿಗೆ ಏನೂ ಆಗುವುದಿಲ್ಲ. ಕೊನೆಯದಾಗಿ ತುಂಡನ್ನು ಗ್ಯಾಸ್ ಒಲೆಯ ಉರಿಯಲ್ಲಿ ನಿಧಾನವಾಗಿ ಕಾಯಿಸಿದೆ. ಬಿರುಕುಗಳಿಗೆ ರಾಳ ತುಂಬಿ ಪಾಲಿಶ್ ಮಾಡಿದ್ದರೆ ವಾಸನೆ ತಾನಾಗಿಯೇ ಹೇಳುತ್ತದೆ. ತಂದ ತುಂಡುಗಳಲ್ಲಿ ಸುಮಾರು ಅರ್ಧದಷ್ಟು ಇಲ್ಲಿಯೇ ಬಿದ್ದುಹೋದವು.

ಇಷ್ಟೆಲ್ಲ ದಾಟಿ ಬಂದ ಮೊದಲ ಸ್ಲ್ಯಾಬು ಕೈಕೊಟ್ಟಿತು. ಸಿಂಕಿಗೆ ಕಿಂಡಿ ಕೊರೆಯುವಾಗ ಮೂಲೆಯಿಂದ ಅಂಚಿನವರೆಗೆ ಓರೆಯಾಗಿ ಸೀಳಿತು. ಕಲ್ಲಿನೊಳಗಿನ ಪದರ ಓರೆಯಾಗಿ ಹಾದುಹೋಗಿತ್ತು, ಮೇಲ್ಮೈಯ ಪಾಲಿಶ್ ಅದನ್ನು ಮುಚ್ಚಿಟ್ಟಿತ್ತು. ಒಂಬತ್ತು ಸಾವಿರದ ಹತ್ತಿರ ಹಣ ಅಲ್ಲಿಗೆ ಮುಗಿಯಿತು, ಮಾರಿದವರು ಒಂದು ರೂಪಾಯಿಯನ್ನೂ ಬಿಡಲಿಲ್ಲ. ಆ ಬಳಿಕ ಸ್ಲ್ಯಾಬಿನ ಮುಖವನ್ನು ನೋಡುವ ಮೊದಲು ಅದರ ನಾಲ್ಕೂ ಅಂಚುಗಳಿಗೆ ನೀರು ಹಚ್ಚಿ, ಟಾರ್ಚು ಬಿಟ್ಟು, ಎಳೆ ಯಾವ ಕಡೆಗೆ ಓಡುತ್ತದೆ ಎಂದು ನೋಡುವುದನ್ನು ಆರಂಭಿಸಿದೆ. ಎಳೆ ಸ್ಲ್ಯಾಬಿನ ಉದ್ದಕ್ಕೆ ಸಮವಾಗಿ, ತೆಳುವಾಗಿ, ಒಂದಕ್ಕೊಂದು ಹೆಣೆದುಕೊಂಡಂತೆ ಇದ್ದರೆ ಸರಿ. ನೇರವಾಗಿ ಹೊಳೆಯುವ ಗೆರೆಯೊಂದು ದಪ್ಪದ ಮೂಲಕ ಓರೆಯಾಗಿ ಇಳಿದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಸ್ಲ್ಯಾಬನ್ನು ನಿಲ್ಲಿಸಿ ಬೆರಳಿನ ಗೆಣ್ಣಿನಿಂದ ತಟ್ಟಿ ಸದ್ದು ಕೇಳುವ ಇನ್ನೊಂದು ಉಪಾಯವೂ ಇದೆ, ಆದರೆ ಎಲ್ಲಿ ತಟ್ಟಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಿವಿಗೆ ಬರಲು ನನಗೆ ಬಹಳ ಕಾಲ ಹಿಡಿದಿದೆ.

ಹಾಸನ ಜಿಲ್ಲೆಯಲ್ಲಿಯೇ ಸಿಗುವ ಕಲ್ಲನ್ನು ಏಕೆ ತರಲಿಲ್ಲ ಎಂದು ಹಲವರು ಕೇಳುತ್ತಾರೆ. ಹೊಳೆನರಸೀಪುರ, ನುಗ್ಗೇಹಳ್ಳಿ ಕಡೆಯ ಶಿಲಾಪಟ್ಟಿಗಳಲ್ಲಿ (ನೆಲದಲ್ಲಿ ಉದ್ದಕ್ಕೂ ಹಾದಿರುವ ಕಲ್ಲಿನ ಪಟ್ಟಿಗಳಲ್ಲಿ) ಬಳಪದ ಕಲ್ಲು ಇರುವುದು ನಿಜವಾದರೂ, ಹೊಳೆನರಸೀಪುರದ ಪಟ್ಟಿಯಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಕೂಡ ಇದೆ. ನಾರುನಾರಾಗಿ ಬಿಚ್ಚಿಕೊಳ್ಳುವ ಎಳೆ ಕಂಡ ಯಾವ ಕಲ್ಲನ್ನೂ, ಅದು ಎಲ್ಲಿಯದೇ ಆಗಿರಲಿ, ಊಟದ ಮನೆಯೊಳಗೆ ತರಬಾರದು ಎಂಬುದು ನನ್ನ ಖಚಿತ ನಿಲುವು. ಕತ್ತರಿಸುವಾಗಲೂ ಬ್ಲೇಡಿಗೆ ನೀರು ಬಿಟ್ಟೇ ಕತ್ತರಿಸಿದೆವು, ಮುಖಕ್ಕೆ ಒಳ್ಳೆಯ ಮಾಸ್ಕ್ ಇತ್ತು. ಈ ಕಲ್ಲಿನ ಧೂಳು ಹಿಟ್ಟಿನಂತೆ ಗಾಳಿಯಲ್ಲಿ ನಿಲ್ಲುತ್ತದೆ.

ದಪ್ಪ 30 ಮಿಲಿಮೀಟರ್ ತೆಗೆದುಕೊಂಡೆ. ಚದರ ಅಡಿಗೆ ಎಂಟು ಕಿಲೋ ತೂಗುವುದರಿಂದ ಕೆಳಗೆ ಕಡಪ ಕಲ್ಲನ್ನು ಪೂರ್ತಿ ಹಾಸಿಸಿದೆ. ಕಲ್ಲು ಆಗ ಚದರ ಅಡಿಗೆ 550 ರೂಪಾಯಿ ಆಸುಪಾಸಿನಲ್ಲಿತ್ತು. ಐವತ್ತು ಚದರ ಅಡಿಯಷ್ಟು ಬೇಕಾಯಿತು. ಸಾಗಣೆ, ಕತ್ತರಿಸುವಿಕೆ, ಅಂಚು ದುಂಡಗೆ ಮಾಡುವ ಕೂಲಿ, ಕಡಪ ಎಲ್ಲ ಸೇರಿ, ಸೀಳಿದ ಸ್ಲ್ಯಾಬನ್ನೂ ಕೂಡಿಸಿದರೆ, ಅರವತ್ತು ಸಾವಿರದ ಹತ್ತಿರಕ್ಕೆ ಬಂದಿತು. ಹಾಸನ್ ಗ್ರೀನ್ ಗ್ರಾನೈಟ್ ಹಾಕಿಸಿದ್ದರೆ ಅದರ ಅರ್ಧದಲ್ಲಿ ಮುಗಿಯುತ್ತಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಒಲೆಯಿಂದ ಇಳಿಸಿದ ಇಡ್ಲಿ ಪಾತ್ರೆಯನ್ನು, ಕುದಿಯುವ ಎಣ್ಣೆಯ ಬಾಣಲೆಯನ್ನು ನೇರವಾಗಿ ಇಡುವ ನೆಮ್ಮದಿ ಈ ಕಟ್ಟೆಯ ಮೇಲೆ ಇದೆ, ಮತ್ತು ಬಿಸಿ ರಾಗಿಮುದ್ದೆಯನ್ನು ನೀರು ಸವರಿದ ಕಲ್ಲಿನ ಮೇಲೆಯೇ ತಿರುವಿ ಕಟ್ಟಬಹುದು.

ಕಟ್ಟೆಗೆ ಹಚ್ಚುವ ಎಣ್ಣೆಯ ವಿಷಯದಲ್ಲಿ ನಾನು ಬಹಳ ದಿನ ಪ್ರಯೋಗ ಮಾಡಿದೆ. ಎಣ್ಣೆ ಕಲ್ಲನ್ನು ಕಾಪಾಡುವುದಿಲ್ಲ, ಬೂದು ಬಣ್ಣವನ್ನು ಒಂದೇ ಸಮನಾದ ಕಪ್ಪಿಗೆ ತಿರುಗಿಸುತ್ತದೆ, ಅಷ್ಟೆ. ಕೊಬ್ಬರಿ ಎಣ್ಣೆ ಮಳೆಗಾಲದಲ್ಲಿ ಕಮಟು ವಾಸನೆ ಹಿಡಿಯಿತು, ಹರಳೆಣ್ಣೆ ಅಂಟಂಟಾಗಿ ಧೂಳನ್ನು ಹಿಡಿದಿಟ್ಟುಕೊಂಡಿತು. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಎರಡೂ ತೊಂದರೆ ಕೊಡಲಿಲ್ಲ. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಈಗ ನೆನಪಾದಾಗ ಬಟ್ಟೆಯಿಂದ ಒರೆಸುತ್ತೇವೆ. ಇದರ ನಡುವೆ ಅರಿಶಿನ, ಗಟ್ಟಿ ಕಾಫಿ ಡಿಕಾಕ್ಷನ್, ಹಲಸಿನ ಮೇಣ ಮೂರನ್ನೂ ಬೇಕೆಂದೇ ರಾತ್ರಿಯಿಡೀ ಬಿಟ್ಟು ನೋಡಿದ್ದೇನೆ. ಡಿಕಾಕ್ಷನ್ ಒದ್ದೆ ಬಟ್ಟೆಗೆ ಹೋಯಿತು, ಮೇಣ ಕೊಬ್ಬರಿ ಎಣ್ಣೆಗೆ ಬಿಟ್ಟುಕೊಂಡಿತು. ಅರಿಶಿನ ಮಾತ್ರ ಗರಗಸದ ಗುರುತು ಉಳಿದಿದ್ದ ಹಿಂಬದಿಯ ಮೂಲೆಯಲ್ಲಿ ಹಳದಿಯಾಗಿ ಕೂತಿತು, ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದದಿಂದ) ಉಜ್ಜಿದ ಮೇಲೆ ಹೋಯಿತು. ಗೀರುಗಳಿಗೂ ಅದೇ ಮದ್ದು: ಒರಟಿನಿಂದ ನಯದ ಕಡೆಗೆ 80, 120, 220 ನಂಬರಿನ ಪೇಪರುಗಳಿಂದ ಕ್ರಮವಾಗಿ ನೀರು ಹಾಕಿ ಉಜ್ಜಿ, ಒಣಗಿಸಿ, ಎಣ್ಣೆ ಒರೆಸಬೇಕು. 220ರಿಂದ ಮುಂದಕ್ಕೆ ಹೋಗಬೇಡಿ. ಹೊಳಪು ಬಂದ ಜಾಗ ಉಳಿದ ಕಟ್ಟೆಯ ನಡುವೆ ಎದ್ದು ಕಾಣುತ್ತದೆ.

ಎರಡು ಸ್ಲ್ಯಾಬುಗಳು ಕೂಡುವ ಜಾಗದಲ್ಲಿ ಅದೇ ಕಲ್ಲಿನ ಪುಡಿಯನ್ನು ಅರಲ್ಡೈಟ್ ಅಂಟಿಗೆ ಕಲಸಿ ತುಂಬಿದ್ದೇವೆ. ಒಣಗಿದ ಮೇಲೆ ಬಣ್ಣ ಬೇರೆಯಾಗದಂತೆ ಅದಕ್ಕೆ ಬೆರೆಸಿದ ಇನ್ನೊಂದು ವಸ್ತು ನಮ್ಮ ಮೇಸ್ತ್ರಿಯವರದು, ಅವರ ಅನುಮತಿಯಿಲ್ಲದೆ ಅದನ್ನು ನಾನು ಹೇಳುವಂತಿಲ್ಲ. ಸಿಂಕಿನ ಕಿಂಡಿಯ ಮೂಲೆಗಳನ್ನು ಚೌಕವಾಗಿ ಕತ್ತರಿಸದೆ, ಮೊದಲು ಡ್ರಿಲ್ಲಿನಿಂದ ದುಂಡು ತೂತು ಹೊಡೆದು ಆಮೇಲೆ ಬ್ಲೇಡು ಇಳಿಸಿ. ಎರಡನೆಯ ಸ್ಲ್ಯಾಬು ಉಳಿದದ್ದರಲ್ಲಿ ಇದರ ಪಾಲೂ ಇದೆ.