ಮೂರೇ ಜನ ನೋಡುತ್ತಿರುವಾಗ ಕಲಿಯಬೇಕಾದ ಗೇಮ್ ಲೈವ್ ಸ್ಟ್ರೀಮಿಂಗ್

ಗೇಮ್ ಸ್ಟ್ರೀಮ್ ಶುರು ಮಾಡುವವರು ಮೊದಲು ಕೊಳ್ಳುವುದು ಕ್ಯಾಮೆರಾ, ಆಮೇಲೆ ಬಣ್ಣದ ದೀಪ, ಕೊನೆಗೆ ಉಳಿದ ದುಡ್ಡಲ್ಲಿ ಒಂದು ಮೈಕ್. ಈ ಸರದಿ ಪೂರ್ತಿ ಉಲ್ಟಾ ಆಗಬೇಕು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ದನಿ ಗರಗರ ಅಂದರೆ ಅರ್ಧ ನಿಮಿಷದಲ್ಲಿ ಜಾಗ ಖಾಲಿ ಮಾಡುತ್ತಾರೆ. ಸ್ಟ್ರೀಮನ್ನು ಇನ್ನೊಂದು ಟ್ಯಾಬಿನಲ್ಲಿ ಹಾಕಿಕೊಂಡು, ಬೇರೆ ಕೆಲಸ ಮಾಡುತ್ತಾ ಬರೀ ಕೇಳುವವರೂ ಬಹಳ ಮಂದಿ. ಅವರ ಪಾಲಿಗೆ ನೀವು ರೇಡಿಯೋ.

ಇನ್ನೊಂದು ತಪ್ಪು ಲೆಕ್ಕ: ದಿನಾ ಲೈವ್ ಬಂದರೆ ಜನ ತಾನಾಗಿ ಬರುತ್ತಾರೆ ಅನ್ನುವುದು. ಬರುವುದಿಲ್ಲ. ಲೈವ್ ಅನ್ನುವುದು ಬಂದವರನ್ನು ಉಳಿಸಿಕೊಳ್ಳುವ ಜಾಗ. ಹೊಸಬರು ನಿಮ್ಮನ್ನು ಕಂಡುಹಿಡಿಯುವುದು ಹೆಚ್ಚಾಗಿ ಬೇರೆ ಕಡೆ, ಚಿಕ್ಕ ವಿಡಿಯೋಗಳಲ್ಲಿ, ಹುಡುಕಾಟದಲ್ಲಿ, ಇನ್ನೊಬ್ಬರ ಚಾನೆಲ್‌ನಿಂದ. ಈ ಎರಡು ಕೆಲಸ ಬೇರೆ ಬೇರೆ ಅಂತ ಮೊದಲ ದಿನವೇ ಗೊತ್ತಿದ್ದರೆ ಒಂದು ವರ್ಷದ ಬೇಸರ ತಪ್ಪುತ್ತದೆ.

ಎಲ್ಲಿ ಸ್ಟ್ರೀಮ್ ಮಾಡಬೇಕು

ಗೇಮ್ ಲೈವ್ ಸ್ಟ್ರೀಮುಗಳ ತಾಣವಾದ ಟ್ವಿಚ್ 2011ರಲ್ಲಿ ಜಸ್ಟಿನ್ ಡಾಟ್ ಟಿವಿ ಅನ್ನುವ ಲೈವ್ ವಿಡಿಯೋ ತಾಣದ ಗೇಮಿಂಗ್ ಕವಲಾಗಿ ಹುಟ್ಟಿತು, 2014ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು. ಅಲ್ಲಿನ ಚಾಟ್ ಸಂಸ್ಕೃತಿ ಗಟ್ಟಿ, ಆದರೆ ಒಂದು ಗೇಮಿನ ಪಟ್ಟಿ ತೆರೆದರೆ ಹೆಚ್ಚು ಜನ ನೋಡುತ್ತಿರುವವರೇ ಮೇಲೆ. ತಳದಲ್ಲಿರುವವರ ತನಕ ಯಾರೂ ಸ್ಕ್ರೋಲ್ ಮಾಡುವುದಿಲ್ಲ. ಮುಗಿದ ಸ್ಟ್ರೀಮುಗಳು ಕೆಲವು ದಿನಗಳಲ್ಲಿ ಅಳಿಸಿಹೋಗುತ್ತವೆ. ಯೂಟ್ಯೂಬಿನಲ್ಲಿ ಲೈವ್ ಮುಗಿದ ಮೇಲೂ ವಿಡಿಯೋ ಉಳಿಯುತ್ತದೆ, ಹುಡುಕಿದವರಿಗೆ ತಿಂಗಳುಗಳ ನಂತರವೂ ಸಿಗುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ. ಅಲ್ಲಿ ಲೈವ್ ಸೌಲಭ್ಯವನ್ನು ಫೋನ್ ನಂಬರ್ ಖಚಿತಪಡಿಸಿ ತೆರೆಸಿಕೊಳ್ಳಬೇಕು, 24 ಗಂಟೆ ಹಿಡಿಯಬಹುದು. ಹಾಗಾಗಿ ಮೊದಲ ಸ್ಟ್ರೀಮಿನ ಹಿಂದಿನ ದಿನವೇ ಈ ಕೆಲಸ ಮುಗಿಸಿ. ಫೋನಿನಿಂದಲೇ ಲೈವ್ ಮಾಡುವುದಾದರೆ 50 ಸಬ್‌ಸ್ಕ್ರೈಬರ್ ಬೇಕು.

ಎರಡೂ ಕಡೆ ಒಟ್ಟಿಗೆ ಕಳಿಸಲು 2023ರ ಅಕ್ಟೋಬರ್‌ನಿಂದ ಟ್ವಿಚ್ ಒಪ್ಪುತ್ತದೆ. ಆದರೂ ಶುರುವಿನಲ್ಲಿ ಒಂದೇ ಕಡೆ ಇರಿ. ಇರುವ ನಾಲ್ಕು ಜನ ಎರಡು ಚಾಟ್‌ಗಳಲ್ಲಿ ಹಂಚಿಹೋದರೆ ಎರಡೂ ಕಡೆ ಮೌನ.

ದನಿ ಸರಿಮಾಡುವುದು

ದುಬಾರಿ ಕಂಡೆನ್ಸರ್ ಮೈಕ್ ಫ್ಯಾನಿನ ಸದ್ದು, ಕೀಬೋರ್ಡ್, ಪಕ್ಕದ ಕೋಣೆಯ ಮಾತು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಗೋಡೆಗೆ ಬಟ್ಟೆ, ನೆಲಕ್ಕೆ ಹಾಸು ಇಲ್ಲದ ಕೋಣೆಯಾದರೆ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಸಾಧಾರಣ ಡೈನಾಮಿಕ್ ಮೈಕೇ ವಾಸಿ. ಬಾಯಿಂದ 10ರಿಂದ 15 ಸೆಂಟಿಮೀಟರ್ ದೂರ, ಸ್ವಲ್ಪ ಓರೆಯಾಗಿ ಇಡಿ. ನೇರ ಇಟ್ಟರೆ ‘ಪ’, ‘ಬ’ ಬಂದಾಗಲೆಲ್ಲ ಗಾಳಿ ಬಡಿದ ಸದ್ದು ಬರುತ್ತದೆ.

ಸ್ಟ್ರೀಮ್ ಕಳಿಸಲು, ರೆಕಾರ್ಡ್ ಮಾಡಲು ಬಳಸುವ ಉಚಿತ ತಂತ್ರಾಂಶ ಒಬಿಎಸ್‌ನಲ್ಲಿ ಮೈಕ್ ಮೇಲೆ ರೈಟ್ ಕ್ಲಿಕ್ ಮಾಡಿ ಫಿಲ್ಟರ್ಸ್ ತೆರೆದು, ಇದೇ ಕ್ರಮದಲ್ಲಿ ಹಾಕಿ: ಮೊದಲು ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ಸಪ್ರೆಷನ್ (ಆರ್‌ಎನ್‌ನಾಯ್ಸ್ ಆಯ್ಕೆ), ಆಮೇಲೆ ಜೋರು-ಮೆಲು ದನಿಯ ಅಂತರ ಕುಗ್ಗಿಸುವ ಕಂಪ್ರೆಸರ್, ಕೊನೆಗೆ ದನಿ ಮಿತಿ ದಾಟದಂತೆ ತಡೆಯುವ ಲಿಮಿಟರ್. ಕಂಪ್ರೆಸರ್ ಅನುಪಾತ 3:1 ಅಥವಾ 4:1, ಥ್ರೆಶೋಲ್ಡ್ ಸುಮಾರು ಮೈನಸ್ 18 ಡೆಸಿಬೆಲ್. ಲಿಮಿಟರ್ ಮೈನಸ್ 3. ಕ್ರಮ ತಪ್ಪಿ ಕಂಪ್ರೆಸರ್ ಮೊದಲು ಬಂದರೆ ಅದು ಫ್ಯಾನಿನ ಸದ್ದನ್ನೂ ನಿಮ್ಮ ದನಿಯ ಮಟ್ಟಕ್ಕೆ ತಂದು ಕೂರಿಸುತ್ತದೆ, ಆಮೇಲೆ ಅದನ್ನು ಬೇರ್ಪಡಿಸುವುದು ಕಷ್ಟ.

ಮಾತಾಡುವಾಗ ಒಬಿಎಸ್‌ನ ದನಿ ಮೀಟರ್ ಹಳದಿ ಪಟ್ಟಿಯಲ್ಲಿ, ಅಂದರೆ ಮೈನಸ್ 20ರಿಂದ ಮೈನಸ್ 9ರ ನಡುವೆ ಕುಣಿಯಬೇಕು. ಕಿರುಚಿದಾಗ ಮಾತ್ರ ಕೆಂಪು ಮುಟ್ಟಲಿ. ಗೇಮಿನ ಸದ್ದು ಮೈನಸ್ 25ರಿಂದ ಮೈನಸ್ 30ರ ಸುತ್ತ ಸಾಕು. ನಿಮ್ಮ ಹೆಡ್‌ಫೋನಿನಲ್ಲಿ ಕೇಳುವ ಸಮತೋಲನ ನೋಡುಗರಿಗೆ ಹೋಗುವುದಲ್ಲ. ಐದು ನಿಮಿಷ ರೆಕಾರ್ಡ್ ಮಾಡಿ ಫೋನಿನ ಸ್ಪೀಕರಿನಲ್ಲಿ ಹಾಕಿ ಕೇಳಿ. ಅಲ್ಲಿ ಗುಂಡಿನ ಸದ್ದಿನ ನಡುವೆಯೂ ನಿಮ್ಮ ಮಾತು ಅರ್ಥವಾದರೆ ಎಲ್ಲ ಕಡೆಯೂ ಆಗುತ್ತದೆ.

ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಅದು ಹೆಚ್ಚಾಗಿ ವೆಬ್‌ಕ್ಯಾಮ್ ತಡವಾಗಿ ಬರುವುದರಿಂದ. ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ, ಸದ್ದಿಗೂ ಕೈ ಕೂಡಿದ ಫ್ರೇಮಿಗೂ ಎಷ್ಟು ಅಂತರವಿದೆ ಅಂತ ಎಣಿಸಿ. 60 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 60 ಫ್ರೇಮ್) ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ಅಷ್ಟನ್ನು ಮೈಕಿನ ಸಿಂಕ್ ಆಫ್‌ಸೆಟ್‌ನಲ್ಲಿ (ಒಬಿಎಸ್‌ನಲ್ಲಿ ದನಿಯನ್ನು ತಡಮಾಡುವ ಜಾಗ) ತುಂಬಿ.

ಚಿತ್ರದ ಲೆಕ್ಕ

ಒಬಿಎಸ್‌ನ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಮೋಡನ್ನು ಅಡ್ವಾನ್ಸ್ಡ್ ಮಾಡಿ. ರೇಟ್ ಕಂಟ್ರೋಲ್ ಸಿಬಿಆರ್ (ಕಳಿಸುವ ಡೇಟಾವನ್ನು ಒಂದೇ ಸಮ ಇಡುವ ಆಯ್ಕೆ), ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ 2 ಸೆಕೆಂಡ್, ಆಡಿಯೋ 160 ಕೆಬಿಪಿಎಸ್, 48 ಕಿಲೋಹರ್ಟ್ಸ್. ಗ್ರಾಫಿಕ್ಸ್ ಕಾರ್ಡಿನಲ್ಲಿ ಎನ್ವಿಡಿಯಾದ ಎನ್‌ವೆಂಕ್‌ನಂಥ ಎನ್‌ಕೋಡರ್ (ಕಳಿಸುವ ಮೊದಲು ವಿಡಿಯೋ ಕುಗ್ಗಿಸುವ ಸಾಧನ) ಇದ್ದರೆ ಅದನ್ನೇ ಆರಿಸಿ. ಸಿಪಿಯುವಿನಲ್ಲೇ ಕೆಲಸ ಮಾಡುವ ಎಕ್ಸ್264 ಎನ್‌ಕೋಡರ್ ಬಳಸಿದರೆ ಗೇಮಿಗೂ ಎನ್‌ಕೋಡಿಂಗಿಗೂ ಸಿಪಿಯು ಒಂದೇ ಆಗಿ ಎರಡೂ ತಡವರಿಸುತ್ತವೆ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಡೇಟಾದ ವಿಷಯದಲ್ಲಿ ದುರಾಸೆ ಬೇಡ. 1080ಪಿ, 60 ಫ್ರೇಮಿಗೆ 6000 ಕೆಬಿಪಿಎಸ್, 720ಪಿ, 60 ಫ್ರೇಮಿಗೆ 4500, 720ಪಿ, 30 ಫ್ರೇಮಿಗೆ 3000. ಟ್ವಿಚ್‌ನಲ್ಲಿ ಹೊಸ ಚಾನೆಲ್‌ಗೆ ಕಡಿಮೆ ಗುಣಮಟ್ಟದ ಆಯ್ಕೆಗಳು ಸಿಗುತ್ತವೆ ಅನ್ನುವ ಖಾತ್ರಿ ಇಲ್ಲ. ಸಿಗದಿದ್ದರೆ ಮೊಬೈಲ್ ಡೇಟಾದಲ್ಲಿ ನೋಡುವವರಿಗೂ ನೀವು ಕಳಿಸಿದ 6000 ಅಷ್ಟೂ ಹೋಗುತ್ತದೆ, ಚಿತ್ರ ಗಿರಗಿರ ಸುತ್ತುತ್ತಾ ನಿಲ್ಲುತ್ತದೆ. ಅಂಥಲ್ಲಿ 720ಪಿ ಜಾಣತನ. ಯೂಟ್ಯೂಬ್ ತಾನೇ ಎಲ್ಲ ಗುಣಮಟ್ಟಕ್ಕೂ ಪರಿವರ್ತಿಸುತ್ತದೆ, ಅಲ್ಲಿ ಈ ತಾಪತ್ರಯ ಇಲ್ಲ. 6000 ಕೆಬಿಪಿಎಸ್ ಅಂದರೆ ಗಂಟೆಗೆ ಸುಮಾರು 2.7 ಜಿಬಿ ಅಪ್‌ಲೋಡ್. ಇಂಟರ್ನೆಟ್ ಲೈನಿಗೆ ಬಿಟ್‌ರೇಟಿನ ಒಂದೂವರೆ ಪಟ್ಟಾದರೂ ಅಪ್‌ಲೋಡ್ ವೇಗ ಇರಬೇಕು, ಅಂದರೆ ಸೆಕೆಂಡಿಗೆ 9-10 ಮೆಗಾಬಿಟ್. ಸ್ಪೀಡ್ ಟೆಸ್ಟನ್ನು ಬೆಳಿಗ್ಗೆ ಮಾಡಿ ಖುಷಿಪಡಬೇಡಿ. ಸ್ಟ್ರೀಮ್ ಮಾಡುವ ಹೊತ್ತಿನಲ್ಲೇ ಮಾಡಿ. ವೈಫೈ ಬೇಡ, ಕೇಬಲ್ ಎಳೆಯಿರಿ.

ರೆಕಾರ್ಡಿಂಗನ್ನು ಎಂಕೆವಿಯಲ್ಲಿ ಇಡಿ. ಸಾಮಾನ್ಯ ಎಂಪಿ4 ಆಗಿದ್ದರೆ ನಡುವೆ ಕರೆಂಟ್ ಹೋದಾಗ ಮೂರು ಗಂಟೆಯ ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಾದರೆ ಅಲ್ಲಿಯವರೆಗಿನದು ಉಳಿಯುತ್ತದೆ, ಆಮೇಲೆ ಒಬಿಎಸ್‌ನ ರೀಮಕ್ಸ್‌ನಲ್ಲಿ ನಿಮಿಷದೊಳಗೆ ಎಂಪಿ4 ಮಾಡಿಕೊಳ್ಳಬಹುದು.

ಸ್ಟ್ರೀಮ್ ತಡವರಿಸಿದಾಗ

‘ಲ್ಯಾಗ್ ಆಗ್ತಿದೆ’ ಅಂತ ಚಾಟಿನಲ್ಲಿ ಬಂದ ಕೂಡಲೇ ಬಿಟ್‌ರೇಟ್ ಇಳಿಸುವುದು ಹಲವರ ಅಭ್ಯಾಸ. ಮೂರರಲ್ಲಿ ಒಂದು ರೋಗಕ್ಕೆ ಮಾತ್ರ ಅದು ಮದ್ದು. ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿ ಸದಾ ತೆರೆದಿರಲಿ. ಅಲ್ಲಿ ಡ್ರಾಪ್ಡ್ ಫ್ರೇಮ್ಸ್ ಏರುತ್ತಿದ್ದರೆ ನೆಟ್‌ವರ್ಕ್ ತೊಂದರೆ; ಆಗ ಬಿಟ್‌ರೇಟ್ ಇಳಿಸಿ, ಕೇಬಲ್ ನೋಡಿ, ಬೇರೆ ಡೌನ್‌ಲೋಡ್ ನಿಲ್ಲಿಸಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಗೇಮೇ ಪೂರ್ತಿ ನುಂಗಿದೆ ಅಂತ ಅರ್ಥ. ಗೇಮಿನೊಳಗೆ ಫ್ರೇಮ್ ರೇಟಿಗೆ ಮಿತಿ ಹಾಕಿ, ನೆರಳು, ಪ್ರತಿಬಿಂಬದ ಗುಣಮಟ್ಟ ಇಳಿಸಿ. ವಿಂಡೋಸ್‌ನಲ್ಲಿ ಒಬಿಎಸ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಕಾರ್ಡಿನ ಪಾಲು ಅದಕ್ಕೆ ಮೊದಲು ಸಿಗುತ್ತದೆ, ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಎನ್‌ಕೋಡಿಂಗ್ ಲ್ಯಾಗ್ ಆದರೆ ಎನ್‌ಕೋಡರಿಗೆ ಹೊರೆ ಹೆಚ್ಚಾಗಿದೆ; ಅದರ ಪ್ರೀಸೆಟ್ ಹಗುರ ಮಾಡಿ ಅಥವಾ 60 ಫ್ರೇಮಿನಿಂದ 30ಕ್ಕೆ ಬನ್ನಿ.

ಲ್ಯಾಪ್‌ಟಾಪಿನಲ್ಲಿ ಗೇಮ್ ಬದಲು ಬರೀ ಕಪ್ಪು ಪರದೆ ಬಂದರೆ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್‌ಗಳ ಜಗಳ: ಗೇಮ್ ಒಂದರಲ್ಲಿ, ಒಬಿಎಸ್ ಇನ್ನೊಂದರಲ್ಲಿ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಎರಡನ್ನೂ ಒಂದೇ ಚಿಪ್‌ಗೆ ಹಚ್ಚಿ.

ಯಾರೂ ಇಲ್ಲದಾಗ ಮಾತಾಡುವುದು

ಕಷ್ಟದ ಕೆಲಸ ಇದೇ. ನೋಡುಗರ ಸಂಖ್ಯೆಯನ್ನು ಮರೆಮಾಡಿ. ಅದು ಕಣ್ಣೆದುರಿಗಿದ್ದರೆ 4 ಇದ್ದದ್ದು 3 ಆದಾಗ ದನಿಯೂ ಇಳಿಯುತ್ತದೆ. ಗೇಮಿನಲ್ಲಿ ಸತ್ತಾಗ ‘ಅಯ್ಯೋ, ಛೇ’ ಅಂದರೆ ಕೇಳುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಹೇಳಿ ನೋಡಿ: ‘ಎಡಗಡೆ ಹೆಜ್ಜೆ ಸಪ್ಪಳ ಕೇಳಿಸ್ತು, ಒಬ್ಬನೇ ಅಂದ್ಕೊಂಡು ನುಗ್ಗಿದೆ, ಇಬ್ಬರಿದ್ರು. ಮುಂದಿನ ರೌಂಡ್ ಇದೇ ಬಾಗಿಲಿಗೆ ಬಂದ್ರೆ ಮೊದಲು ಗ್ರೆನೇಡ್.’ ಏನು ಕಂಡಿರಿ, ಏನು ಅಂದುಕೊಂಡಿರಿ, ಮುಂದೇನು ಮಾಡುತ್ತೀರಿ, ಈ ಮೂರನ್ನು ಬಾಯಿಬಿಟ್ಟು ಹೇಳುವ ರೂಢಿ ಬಂದರೆ ಮೌನ ತಾನಾಗಿ ಕರಗುತ್ತದೆ, ಮುಂದಿನ ರೌಂಡಿಗೆ ಕಾಯುವ ಕುತೂಹಲವೂ ಹುಟ್ಟುತ್ತದೆ.

ಚಾಟಿನಲ್ಲಿ ಪ್ರಶ್ನೆ ಬಂದರೆ ಅದನ್ನು ಗಟ್ಟಿಯಾಗಿ ಓದಿ ಉತ್ತರಿಸಿ. ಕೇಳುತ್ತಿರುವವರಿಗೆ, ಆಮೇಲೆ ನೋಡುವವರಿಗೆ ಪ್ರಶ್ನೆ ಕಾಣುವುದಿಲ್ಲ. ನೀವು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬಾಯಿಮುಚ್ಚಿ ಕಾಯಬೇಡಿ. ನಿಮ್ಮ ಮಾತು ಅವರನ್ನು ತಲುಪಲು ಕೆಲವು ಸೆಕೆಂಡ್, ಟೈಪ್ ಮಾಡಲು ಇನ್ನಷ್ಟು. ಸುಮ್ಮನೆ ನೋಡುತ್ತಿರುವವರನ್ನು ಹೆಸರು ಹಿಡಿದು ಕರೆಯಬೇಡಿ, ಮೂಲೆಯಲ್ಲಿ ಕೂತವರು ಎದ್ದು ಹೋಗುತ್ತಾರೆ. ‘ಇನ್ನೇನು ಶುರು’ ಪರದೆ ಐದು ನಿಮಿಷ ದಾಟಬಾರದು.

ಕಣ್ಣಿಗೆ ಬೀಳುವುದು

ಗೇಮ್ ಆರಿಸುವ ಮೊದಲು ನೀವು ಲೈವ್ ಬರುವ ಹೊತ್ತಿನಲ್ಲಿ ಅದರ ಪಟ್ಟಿ ತೆರೆದು ನೋಡಿ. ನಿಮ್ಮ ಸರಾಸರಿ 4 ಜನ ಅಂದುಕೊಳ್ಳಿ. 4 ಜನರಿರುವ ಚಾನೆಲ್ ಎಷ್ಟನೇ ಸಾಲಿನಲ್ಲಿದೆ? ನಾಲ್ಕೈದು ಸಾಲಿನೊಳಗಿದ್ದರೆ ಆ ಗೇಮ್ ಆಡಬಹುದು. ಬೆರಳು ನೋಯುವಷ್ಟು ಸ್ಕ್ರೋಲ್ ಮಾಡಬೇಕಾದರೆ ಅಲ್ಲಿ ನೀವು ಎಷ್ಟು ಚೆನ್ನಾಗಿ ಆಡಿದರೂ ಕತ್ತಲಲ್ಲಿ ಆಡಿದ ಹಾಗೆ.

ಒಬಿಎಸ್‌ನ ರೀಪ್ಲೇ ಬಫರನ್ನು 60 ಸೆಕೆಂಡಿಗೆ ಇಟ್ಟು ಒಂದು ಕೀಲಿಗೆ ಹೊಂದಿಸಿ. ಏನಾದರೂ ನಡೆದ ಕೂಡಲೇ ಒತ್ತಿದರೆ ಹಿಂದಿನ ಒಂದು ನಿಮಿಷ ಫೈಲಾಗಿ ಕೂರುತ್ತದೆ. ಮೂರು ಗಂಟೆಯ ರೆಕಾರ್ಡಿಂಗ್ ತಡಕಾಡುವ ಗೋಳು ತಪ್ಪುತ್ತದೆ. ಅದನ್ನು 1080 × 1920 ಅಳತೆಯ ನಿಂತ ವಿಡಿಯೋ ಮಾಡಿ: ಮೇಲಿನ ಮೂರನೇ ಒಂದು ಭಾಗ ಮುಖ, ಕೆಳಗೆ ಗೇಮ್. ‘ಹಾಯ್ ಫ್ರೆಂಡ್ಸ್’ ಕತ್ತರಿಸಿ ಹಾಕಿ. ಮೊದಲ ಎರಡು ಸೆಕೆಂಡಿನಲ್ಲೇ ಅಪಾಯ ಕಾಣಬೇಕು. ವಾರಕ್ಕೆ ಮೂರು ದಿನ ತಲಾ ಮೂರು ಗಂಟೆ ಲೈವ್, ಅದರಿಂದ ಮೂರ್ನಾಲ್ಕು ಚಿಕ್ಕ ವಿಡಿಯೋ. ಏಳೂ ದಿನ ಲೈವ್ ಬಂದು ಒಂದೂ ವಿಡಿಯೋ ಹಾಕದಿರುವುದಕ್ಕಿಂತ ಈ ಹಂಚಿಕೆ ಫಲ ಕೊಡುತ್ತದೆ. ಮುಗಿಸುವಾಗ ನಿಮ್ಮಷ್ಟೇ ಗಾತ್ರದ, ಅದೇ ಗೇಮಿನ ಚಾನೆಲ್‌ಗೆ ರೇಡ್ ಮಾಡಿ, ಅಂದರೆ ನಿಮ್ಮ ನೋಡುಗರನ್ನು ಅಲ್ಲಿಗೆ ಕಳಿಸಿ.

ಹಾಡುಗಳ ವಿಷಯದಲ್ಲಿ ರಿಯಾಯಿತಿ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಟ್ವಿಚ್‌ನ ಎಷ್ಟೋ ಸ್ಟ್ರೀಮರ್‌ಗಳಿಗೆ ಹಕ್ಕುಸ್ವಾಮ್ಯದ ನೋಟಿಸ್‌ಗಳು ಒಟ್ಟಿಗೆ ಬಂದು, ಹಳೆಯ ಕ್ಲಿಪ್‌ಗಳನ್ನು ರಾಶಿರಾಶಿ ಅಳಿಸಬೇಕಾಯಿತು. ಲೈಸೆನ್ಸ್ ಇರುವ ಸಂಗೀತ ಮಾತ್ರ ಹಾಕಿ, ಗೇಮಿನೊಳಗಿನ ರೇಡಿಯೋವನ್ನೂ ಬಂದ್ ಮಾಡಿ.

ಚಾಟ್ ಮತ್ತು ನಿಮ್ಮ ಖಾಸಗಿತನ

ಹತ್ತು ಜನ ಬರುವ ಮೊದಲೇ ಚಾಟ್ ಕಾಯಲು ಒಬ್ಬ ನಂಬಿಕಸ್ಥ ಮಾಡರೇಟರ್ ಇರಲಿ. 2021ರಲ್ಲಿ ಟ್ವಿಚ್‌ನ ಚಾನೆಲ್‌ಗಳ ಮೇಲೆ ಬಾಟ್‌ಗಳು (ತಾನಾಗಿ ಬರೆಯುವ ನಕಲಿ ಖಾತೆಗಳು) ಗುಂಪುಗಟ್ಟಿ ಬೈಗುಳ ಸುರಿದವು. ಸೆಪ್ಟೆಂಬರ್ 1ರಂದು ಸ್ಟ್ರೀಮರ್‌ಗಳು ಒಂದು ದಿನ ಲೈವ್ ಬಾರದೆ ಪ್ರತಿಭಟಿಸಿದರು. ಅಂಥ ದಾಳಿ ಬಂದಾಗ ಗುಂಡಿ ಹುಡುಕುತ್ತಾ ಕೂರಲಾಗದು. ಕನಿಷ್ಠ 10 ನಿಮಿಷದಿಂದ ಫಾಲೋ ಮಾಡುತ್ತಿರುವವರಷ್ಟೇ ಬರೆಯಬಹುದಾದ ಮೋಡ್, ನಿಷೇಧಿತ ಪದಗಳ ಪಟ್ಟಿ, ಇಂಥ ರಕ್ಷಣೆಗಳನ್ನು ಒಮ್ಮೆಗೇ ಹಾಕುವ ಶೀಲ್ಡ್ ಮೋಡ್ ಎಲ್ಲಿವೆ ಅಂತ ಮೊದಲೇ ಒಮ್ಮೆ ಹಾಕಿ ತೆಗೆದು ನೋಡಿ.

ಒಬಿಎಸ್‌ನಲ್ಲಿ ಗೇಮನ್ನಷ್ಟೇ ತೋರಿಸುವ ಗೇಮ್ ಕ್ಯಾಪ್ಚರ್ ಬಳಸಿ, ಇಡೀ ಪರದೆ ತೋರಿಸುವ ಡಿಸ್‌ಪ್ಲೇ ಕ್ಯಾಪ್ಚರ್ ಬಳಸಬೇಡಿ. ಆಲ್ಟ್-ಟ್ಯಾಬ್ ಒತ್ತಿದ ಕ್ಷಣದಲ್ಲಿ ಇಮೇಲ್, ವಿಳಾಸ, ಬ್ಯಾಂಕ್ ಮೆಸೇಜ್ ಕಾಣಿಸಿಕೊಳ್ಳುವುದು ಹೀಗೆಯೇ. ಸ್ಟ್ರೀಮ್ ಕೀ (ಒಬಿಎಸ್ ಅನ್ನು ಚಾನೆಲ್‌ಗೆ ಜೋಡಿಸುವ ಗುಟ್ಟಿನ ಕೋಡ್) ಒಂದು ಸಲ ಪರದೆಗೆ ಬಂದರೂ ತಕ್ಷಣ ರೀಸೆಟ್ ಮಾಡಿ; ಅದು ಸಿಕ್ಕವರು ನಿಮ್ಮ ಚಾನೆಲ್‌ನಲ್ಲಿ ಏನು ಬೇಕಾದರೂ ಪ್ರಸಾರ ಮಾಡಬಹುದು. ಎದುರಾಳಿಗಳು ನಿಮ್ಮ ಸ್ಟ್ರೀಮ್ ನೋಡಿಕೊಂಡೇ ಹೊಡೆಯುತ್ತಿದ್ದಾರೆ ಅನ್ನಿಸಿದರೆ ಒಬಿಎಸ್‌ನಲ್ಲಿ ಒಂದೆರಡು ನಿಮಿಷದ ಡಿಲೇ ಹಾಕಬಹುದು, ಆದರೆ ಆಗ ಚಾಟಿನ ಜೊತೆ ಮಾತುಕತೆ ಸತ್ತುಹೋಗುತ್ತದೆ. ಬದಲಿಗೆ ಗೇಮಿನ ಮ್ಯಾಪನ್ನು ಒಂದು ಚಿತ್ರದಿಂದ ಮುಚ್ಚಿ, ಆಟಕ್ಕೆ ಸೇರುವ ಲಾಬಿ ಕೋಡನ್ನು ಮರೆಮಾಡಿ.

ದುಡ್ಡು

ಯೂಟ್ಯೂಬಿನಲ್ಲಿ ಸೂಪರ್ ಚಾಟ್ (ನೋಡುಗರು ದುಡ್ಡು ಕೊಟ್ಟು ಬರೆಯುವ ಚಾಟ್), ಮೆಂಬರ್‌ಶಿಪ್‌ಗೆ 500 ಸಬ್‌ಸ್ಕ್ರೈಬರ್, 90 ದಿನದಲ್ಲಿ 3 ವಿಡಿಯೋ, ಜೊತೆಗೆ ವರ್ಷದಲ್ಲಿ 3000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವೀಕ್ಷಣೆ ಬೇಕು. ಜಾಹೀರಾತಿನ ಪಾಲಿಗೆ 1000 ಸಬ್‌ಸ್ಕ್ರೈಬರ್, 4000 ಗಂಟೆ ಅಥವಾ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಟ್ವಿಚ್‌ನಲ್ಲಿ ದುಡ್ಡು ಗಳಿಸುವ ಮೊದಲ ಮೆಟ್ಟಿಲಾದ ಅಫಿಲಿಯೇಟ್ ಆಗಲು ವರ್ಷಗಟ್ಟಲೆ ಇದ್ದ ಅಳತೆ 50 ಫಾಲೋವರ್, 30 ದಿನದಲ್ಲಿ 500 ನಿಮಿಷ, 7 ಬೇರೆ ಬೇರೆ ದಿನ, ಸರಾಸರಿ 3 ಜನ. ಇಂಥ ಅಳತೆಗಳು ಬದಲಾಗುತ್ತಿರುತ್ತವೆ, ನಿಮ್ಮ ಡ್ಯಾಶ್‌ಬೋರ್ಡ್ ತೋರಿಸುವುದೇ ಕೊನೆಯ ಮಾತು.

ನೇರ ಟಿಪ್‌ಗಳಲ್ಲಿ ಒಂದು ಕುಣಿಕೆ ಇದೆ. ಕೊಟ್ಟವರು ಆಮೇಲೆ ತಕರಾರು ಎತ್ತಿ ವಾಪಸ್ ಕೇಳಬಹುದು. ಪೇಪಾಲ್‌ನಲ್ಲಿ ಅದಕ್ಕೆ 180 ದಿನ ಅವಕಾಶ. ದೊಡ್ಡ ಮೊತ್ತ ಬಂದರೆ ಅಷ್ಟು ದಿನ ಮುಟ್ಟಬೇಡಿ. ವೈಯಕ್ತಿಕ ಖಾತೆಯಾದರೆ ಕೊಟ್ಟವರಿಗೆ ನಿಮ್ಮ ನಿಜ ಹೆಸರು ಕಾಣುತ್ತದೆ, ಬಿಸಿನೆಸ್ ಖಾತೆ ತೆರೆಯಿರಿ. ಪ್ರಾಯೋಜಕರು ಫಾಲೋವರ್ ಸಂಖ್ಯೆಗಿಂತ ಸರಾಸರಿ ಎಷ್ಟು ಜನ ಏಕಕಾಲಕ್ಕೆ ನೋಡುತ್ತಾರೆ ಅಂತ ಕೇಳುತ್ತಾರೆ. 30 ದಿನದ ಆ ಅಂಕಿ ಕೈಯಲ್ಲಿರಲಿ. ದುಡ್ಡು ಪಡೆದು ಆಡುತ್ತಿದ್ದರೆ ಅದನ್ನು ಪರದೆಯ ಮೇಲೂ ಬಾಯಲ್ಲೂ ಹೇಳಿ.

ಇರುವ ಕೆಲಸ ಬಿಡುವ ಯೋಚನೆ ಬಂದರೆ ಒಳ್ಳೆಯ ತಿಂಗಳನ್ನು ನೋಡಬೇಡಿ. ಸತತ ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳ ಆದಾಯದಲ್ಲಿ ಮನೆ ನಡೆಯುತ್ತದೆಯೇ ನೋಡಿ, ಜೊತೆಗೆ ಆರು ತಿಂಗಳ ಖರ್ಚು ಬೇರೆಯೇ ಇರಲಿ. ನೆಚ್ಚಿಕೊಂಡ ತಾಣವೇ ಮುಚ್ಚಿಹೋಗಬಹುದು ಅನ್ನುವುದೂ ಲೆಕ್ಕದಲ್ಲಿರಲಿ. ಪ್ರಸಿದ್ಧ ಸ್ಟ್ರೀಮರ್, ನಿಂಜಾ ಹೆಸರಿನ ಟೈಲರ್ ಬ್ಲೆವಿನ್ಸ್ 2019ರ ಆಗಸ್ಟ್‌ನಲ್ಲಿ ಟ್ವಿಚ್ ಬಿಟ್ಟು ಮೈಕ್ರೋಸಾಫ್ಟ್‌ನ ಸ್ಟ್ರೀಮಿಂಗ್ ತಾಣ ಮಿಕ್ಸರ್‌ಗೆ ಹೋದರು. ಮೈಕ್ರೋಸಾಫ್ಟ್ 2020ರ ಜುಲೈನಲ್ಲಿ ಮಿಕ್ಸರನ್ನೇ ಮುಚ್ಚಿತು. ಅಷ್ಟು ದೊಡ್ಡವರಿಗೆ ಮತ್ತೆ ಜಾಗ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ, ಹಾಗಾಗಿ ನಿಮ್ಮ ನೋಡುಗರು ಡಿಸ್ಕಾರ್ಡಿನಂಥ ಗುಂಪು ಚಾಟಿನಲ್ಲೋ ಇಮೇಲ್ ಪಟ್ಟಿಯಲ್ಲೋ ಬೇರೆಯಾಗಿಯೂ ಇರಲಿ.

ರಜೆ

2018ರ ಜೂನ್‌ನಲ್ಲಿ 48 ಗಂಟೆಗೂ ಕಡಿಮೆ ಬಿಡುವು ತೆಗೆದುಕೊಂಡದ್ದಕ್ಕೆ 40,000 ಸಬ್‌ಸ್ಕ್ರೈಬರ್ ಹೋದರು ಅಂತ ಅದೇ ನಿಂಜಾ ಬರೆದುಕೊಂಡಿದ್ದರು. ಈ ಹೆದರಿಕೆಗೇ ಹಲವರು ಮಣಿಕಟ್ಟು ಊದಿದರೂ, ಗಂಟಲು ಕಟ್ಟಿದರೂ ಕೂತೇ ಇರುತ್ತಾರೆ. ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡಿ, ನೀರು ಪಕ್ಕದಲ್ಲಿರಲಿ. ವರ್ಷದಲ್ಲಿ ಎರಡು ಸಲವಾದರೂ ಒಂದು ವಾರ ರಜೆಯನ್ನು ವೇಳಾಪಟ್ಟಿಯಲ್ಲೇ ಬರೆದಿಡಿ, ಹದಿನೈದು ದಿನ ಮೊದಲೇ ಸ್ಟ್ರೀಮಿನಲ್ಲಿ ಹೇಳಿ. ಆ ವಾರಕ್ಕೆ ನಾಲ್ಕು ಚಿಕ್ಕ ವಿಡಿಯೋ ತಯಾರಿಸಿ ದಿನಾಂಕ ಹಾಕಿ ಶೆಡ್ಯೂಲ್ ಮಾಡಿ. ವಾಪಸ್ ಬರುವ ದಿನ ಹೊಸ ಗೇಮಿನ ಪ್ರಯೋಗ ಬೇಡ: ಅದೇ ಹಳೆಯ ಹೊತ್ತು, ಅದೇ ಹಳೆಯ ಗೇಮ್, ಮತ್ತು ಲೈವ್ ಒತ್ತುವ ಮೊದಲು ಒಂದು ನಿಮಿಷದ ರೆಕಾರ್ಡಿಂಗ್. ವಾರ ಮುಟ್ಟದಿದ್ದ ಕಂಪ್ಯೂಟರ್ ಅಷ್ಟರಲ್ಲಿ ಅಪ್‌ಡೇಟ್ ಮಾಡಿಕೊಂಡು ಮೈಕ್ ಬದಲಿಸಿರುವ ಸಾಧ್ಯತೆ ಬಹಳ.